ಬೆಳಕಿನ ಡಬ್ಬಿಗೆ ನೆರಳಿನ ಉಪಚಾರ

ಸಾಲ್ಡರಿಂಗ್ ಕಡ್ಡಿ ಹಿಡಿದ ಮನುಷ್ಯನಿಗೆ ಯಾರೂ ಬುದ್ಧಿ ಹೇಳಲು ಹೋಗಬಾರದು. ಆಗ ಅವನಿಗೆ ಎಲ್ಲವೂ ಗೊತ್ತಿರುತ್ತದೆ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ. ಎಪ್ಪತ್ತರ ದಶಕದ ಕೊನೆಯಲ್ಲಿ, ಕಾಪುವಿನ ಹತ್ತಿರದ ಶಾಲೆಯೊಂದರಲ್ಲಿ ವಿಜ್ಞಾನದ ಮಾಸ್ಟ್ರಾಗಿದ್ದಾಗ, ಮಕ್ಕಳಿಗೆ ಪಾಠ ಮಾಡಲೆಂದು ನಾನೊಂದು ವಾದ್ಯ ಕಟ್ಟಿದೆ. ಉಡುಪಿಯ ರೇಡಿಯೋ ರಿಪೇರಿ ಅಂಗಡಿಯಿಂದ ತಂದ ಹಳೆಯ ಸ್ಪೀಕರು, ಎರಡು ಟ್ರಾನ್ಸಿಸ್ಟರು, ಮಣಿಪಾಲದ ಗೆಳೆಯ ಕೊಟ್ಟ ಅಂಗಿಯ ಗುಂಡಿಯಷ್ಟು ದೊಡ್ಡ ಒಂದು ಬಿಲ್ಲೆ. ಬೆಳಕು ಬಿದ್ದರೆ ಮಾತ್ರ ಈ ಬಿಲ್ಲೆ ಕರೆಂಟನ್ನು ಹರಿಯಬಿಡುತ್ತಿತ್ತು. ಇಷ್ಟನ್ನೂ ಹೆಂಡತಿಯ ಬಿಸ್ಕತ್ತಿನ ಡಬ್ಬಿಯೊಳಗೆ ಕೂರಿಸಿದೆ. ಮುಚ್ಚಳದ ತೂತಿನ ಮೇಲೆ ಅಂಗೈ ಆಡಿಸಿದರೆ ನೆರಳಿಗೆ ಸ್ವರ ಇಳಿಯುತ್ತಿತ್ತು, ಬೆಳಕಿಗೆ ಏರುತ್ತಿತ್ತು. "ಎಂತ ಇದು, ಬೆಕ್ಕಿನ ಬಾಲ ಬಾಗಿಲಿಗೆ ಸಿಕ್ಕಿದ ಹಾಗೆ!" ಎಂದಳು ಹೆಂಡತಿ. ಮಕ್ಕಳಿಗೆ ಮಾತ್ರ ಡಬ್ಬಿಯೆಂದರೆ ಪ್ರಾಣ.

ಅದನ್ನಿಟ್ಟಿದ್ದ ಮೂಲೆಯ ಕೋಣೆಯ ಮೇಲೆ ಇನ್ನೊಬ್ಬರ ಕಣ್ಣಿತ್ತು. ಅವರು ಶಾಲೆಯಲ್ಲಿ ಮಧ್ಯಾಹ್ನದ ಉಪ್ಪಿಟ್ಟು ಮಾಡುವ ಗಿರಿಜಕ್ಕ. "ರವೆಯ ಗೋಣಿಯನ್ನೆಲ್ಲ ಇಲಿ ತೂತು ಮಾಡ್ತದೆ ಮಾಸ್ಟ್ರೇ. ನಿಮ್ಮ ಡಬ್ಬಿಯನ್ನು ಯಾವ ಇಲಿ ತಿನ್ನುತ್ತದೆ?" ಎಂಬುದು ಅವರ ವಾದ. ಕೊನೆಗೆ ಹೆಡ್ಮಾಸ್ಟರು ತೀರ್ಮಾನ ಹೇಳಿದರು: "ಶಾಲಾ ತಪಾಸಣೆಗೆ ಬರುವ ಇನ್‌ಸ್ಪೆಕ್ಟರ ಎದುರು ಡಬ್ಬಿ ಹಾಡಿದರೆ ಕೋಣೆ ನಿಮಗೆ. ಇಲ್ಲದಿದ್ದರೆ ಗೋಣಿಗೆ."

ಇನ್‌ಸ್ಪೆಕ್ಟರು ಕಾರ್ಕಳದ ಬಸ್ಸಿಳಿದು ಎರಡು ಗಂಟೆಯ ಬಿಸಿಲಲ್ಲಿ ಬೆವರುತ್ತ ಬಂದರು. ನಮ್ಮ ಕಡೆ ಬಿಸಿಲಲ್ಲಿ ಬಂದವರಿಗೆ ಮೊದಲು ನೆರಳು, ಆಮೇಲೆ ಬೆಲ್ಲ ನೀರು; ಮಾತು ಏನಿದ್ದರೂ ಅದರ ನಂತರ. ನಾನೇ ಓಡಿಹೋಗಿ ಕಿಟಕಿಯ ತೆಂಗಿನ ಮಡಲು ಹೆಣೆದ ತಟ್ಟಿ ಇಳಿಸಿದೆ. ಬಾಗಿಲನ್ನೂ ಓರೆ ಮಾಡಿ, ಕೋಣೆಯನ್ನು ತಂಪಾಗಿಸಿ, ಹೆಮ್ಮೆಯಿಂದ ಸ್ವಿಚ್ಚು ಒತ್ತಿದೆ. ಡಬ್ಬಿ ಕುಂಯ್ ಎನ್ನಲಿಲ್ಲ.

ಬ್ಯಾಟರಿ ಬದಲಿಸಿದೆ. ತಂತಿ ಎಳೆದೆ, ಜಗ್ಗಿದೆ. ಮಣಿಪಾಲದ ಗೆಳೆಯನಿಗೆ ಮನಸ್ಸಿನಲ್ಲೇ ಬೈದೆ. ಮಕ್ಕಳಿಗೆ ಬಾಯಿಬಿಟ್ಟೇ ಬೈದೆ, ಪಾಪ, ಅವು ಉಸಿರು ಬಿಗಿಹಿಡಿದು ನಿಂತಿದ್ದವು. ಬೆಲ್ಲ ನೀರು ತಂದಿದ್ದ ಗಿರಿಜಕ್ಕ ಮೆಲ್ಲಗೆ, "ಮಾಸ್ಟ್ರೇ, ಆ ತಟ್ಟಿ ಎತ್ತಿದರೆ ಆಗ್ಲಿಕ್ಕಿಲ್ವಾ? ಬೆಳಕು ಬೇಕು, ಬೆಳಕು ಬೇಕು ಅಂತ ನೀವು ಬೊಬ್ಬೆ ಹಾಕುವುದು ದಿನಾ ಒಲೆಯ ಹತ್ತಿರ ಕೇಳ್ತದೆ" ಎಂದರು.

"ನೀವು ಸುಮ್ಮನಿರಿ ಗಿರಿಜಕ್ಕ, ಇದು ಟ್ರಾನ್ಸಿಸ್ಟರಿನ ವಿಷಯ!"

ಅವರು ಲೋಟವನ್ನು ಇನ್‌ಸ್ಪೆಕ್ಟರ ಕೈಗಿಟ್ಟು, ಹೋಗಿ ತಟ್ಟಿ ಎತ್ತಿದರು. ಡಬ್ಬಿ ಕಿಟಾರನೆ ಕಿರುಚಿತು. ಇನ್‌ಸ್ಪೆಕ್ಟರ ಅಂಗಿಯ ಮೇಲೆ ಬೆಲ್ಲ ನೀರು ಚೆಲ್ಲಿತು. ಮಕ್ಕಳು ಕುಣಿದವು. ನನಗೆ ಸಂತೋಷಕ್ಕಿಂತ ನಾಚಿಕೆಯೇ ಹೆಚ್ಚಾಯಿತು.

"ಕೋಣೆ ಕೈತಪ್ಪಿತಲ್ಲ ಗಿರಿಜಕ್ಕ?" ಎಂದು ಆಮೇಲೆ ಕೇಳಿದೆ. "ಎಂತ ಮಾಡುವುದು ಮಾರಾಯ್ರೇ, ಆ ಮಕ್ಕಳ ಮುಖ ನೋಡ್ಲಿಕ್ಕೆ ಆಗ್ಲಿಲ್ಲ" ಎಂದರು.

ಹೀಗೆ ಕೋಣೆ ನಮಗೇ ಉಳಿಯಿತು. ಭೇಟಿ ಪುಸ್ತಕದಲ್ಲಿ ಇನ್‌ಸ್ಪೆಕ್ಟರು ಬರೆದದ್ದನ್ನು ಹೆಡ್ಮಾಸ್ಟರು ಎಲ್ಲರೆದುರು ಎರಡು ಸಲ ಓದಿದರು: "ಈ ಶಾಲೆಯಲ್ಲಿ ವಿಜ್ಞಾನ ಅಡುಗೆಮನೆಯವರೆಗೂ ತಲುಪಿದೆ. ವಿಜ್ಞಾನದ ಶಿಕ್ಷಕರಿಗೂ ತಲುಪುವಂತೆ ನೋಡಿಕೊಳ್ಳುವುದು."