ಫಿಲ್ಮಿನಲ್ಲಿ ವಾಸಿಯಾದ ಸೊಂಟ

ಎಕ್ಸ್‌ರೇಯಲ್ಲಿ ಮೂಳೆಯ ಕೋನ ಸರಿಯಾಗಿದ್ದರೆ ರೋಗಿಗೆ ನೋವಿರಲು ಸಾಧ್ಯವಿಲ್ಲ ಎಂದು ಆಗ ಎಲ್ಲರೂ ನಂಬಿದ್ದರು. ಎರಡು ಸಾವಿರದ ಇಸವಿಯಿಂದ ಈಚಿನ ಮಾತು. ಚಿಕ್ಕಬಳ್ಳಾಪುರದ ಒಂದು ನರ್ಸಿಂಗ್ ಹೋಮಿನಲ್ಲಿ ನಾನು ಫಿಸಿಯೋಥೆರಪಿಸ್ಟ್. ಈ ನಂಬಿಕೆ ಎಡವುವ ಪ್ರಸಂಗಗಳಿಗೆ ಅಲ್ಲಿ ಕೊರತೆಯಿರಲಿಲ್ಲ. ನಮ್ಮ ಮೂಳೆ ಡಾಕ್ಟರು ರಜೆ ಹಾಕಿದ ದಿನ ಮಾತ್ರ ಸ್ವಲ್ಪ ಕಡಿಮೆ.

ಜಾಮಿಟ್ರಿ ಬಾಕ್ಸು

ಸೊಂಟದ ಕೀಲಿನ ಹತ್ತಿರ ಸಣ್ಣ ತೂತು ಮಾಡಿ, ಕ್ಯಾಮರಾ ತೂರಿಸಿ, ಉಬ್ಬಿದ ಮೂಳೆಯನ್ನು ಕೆರೆಯುವ ಆಪರೇಷನ್ ಬೆಂಗಳೂರಿನಲ್ಲಿ ಆಗುತ್ತಿತ್ತು. ಆಮೇಲಿನ ತಪಾಸಣೆ ನಮ್ಮಲ್ಲಿ. ತಪಾಸಣೆ ಎಂದರೆ, ಹಿಂದಿನ ವಾರ ತೆಗೆದಿಟ್ಟ ಫಿಲ್ಮನ್ನು ಡಾಕ್ಟರು ದೀಪದ ಪೆಟ್ಟಿಗೆಗೆ ಸಿಕ್ಕಿಸಿ, ಮಗಳ ಜಾಮಿಟ್ರಿ ಬಾಕ್ಸಿನ ಕೋನಮಾಪಕ ಇಟ್ಟು ಅಳೆಯುವುದು. ಈ ಅಳತೆಗಳ ಮೇಲೆ ಬೆಂಗಳೂರಿನ ಡಾಕ್ಟರುಗಳ ಸಮ್ಮೇಳನದಲ್ಲಿ ಒಂದು ಪ್ರಬಂಧ ಓದುವ ಆಸೆ ಅವರಿಗೆ.

ಒಂದು ದಿನ ಹೊರಗೆ ಕಾಯುತ್ತಿದ್ದವರು, ಈ ಆಪರೇಷನ್ ಮಾಡಿಸಿಕೊಂಡಿದ್ದ ತೊಂಡೇಬಾವಿ ಕಡೆಯ ಪಿ.ಟಿ. ಮೇಷ್ಟ್ರು.

"ಒಳಗೆ ಕರೀಲಾ ಸಾರ್?" ಎಂದೆ.

"ಯಾಕ್ರೀ? ಈ ಕೋನ ನೋಡಿ, ಬಂಗಾರ. ರೋಗಿ ಸುಳ್ಳು ಹೇಳ್ತಾನೆ, ಫಿಲ್ಮ್ ಹೇಳಲ್ಲ."

ಹೊರಗೆ ಆ ಸುಳ್ಳುಗಾರ ಬೆಂಚಿನಿಂದ ಏಳಲು ಗೋಡೆ ಹಿಡಿದುಕೊಂಡಿದ್ದ.

ಸಾಕ್ಸು

ಪ್ರಬಂಧಕ್ಕೆ ರೋಗಿಯ ಅಭಿಪ್ರಾಯವೂ ಬೇಕಂತೆ. ಅದಕ್ಕೆ ಯಾವುದೋ ಚಳಿದೇಶದಿಂದ ಪ್ರಶ್ನೆಗಳು ಬಂದಿದ್ದವು. ಚಿಂತಾಮಣಿಯ ಟೊಮೇಟೊ ವ್ಯಾಪಾರದ ಅಮ್ಮ ಒಬ್ಬರನ್ನು ಕೂರಿಸಿ ಡಾಕ್ಟರು ಕೇಳಿದರು: "ಸಾಕ್ಸ್ ಹಾಕ್ಕೊಳ್ಳೋಕೆ ಕಷ್ಟ ಆಗುತ್ತಾ?"

"ಏಮಪ್ಪಾ, ನಾನ್ಯಾಕೆ ಸಾಕ್ಸ್ ಹಾಕ್ಲಿ? ಕಾನ್ವೆಂಟಿಗೆ ಹೋಗ್ತೀನಾ? ಕೆಳಗೆ ಕೂತು ಹಣ್ಣು ಆರಿಸೋಕೆ ಆಗ್ತಿಲ್ಲ, ಅದು ಕೇಳು."

"ಅದು ಇದರಲ್ಲಿ ಇಲ್ಲಮ್ಮ."

ಸಾಕ್ಸಿಗೆ ಅವರು ಪೂರ್ತಿ ಅಂಕ ಪಡೆದರು.

ಬೋರ್ಡಿನ ಮೇಲೆ ಖೋ-ಖೋ

ಮೇಷ್ಟ್ರ ಕಷ್ಟ ಬೇರೆ. ಖೋ-ಖೋ ಹುಡುಗಿಯರಿಗೆ ಕುಕ್ಕರಗಾಲಲ್ಲಿ ಕೂತು ಚಿಮ್ಮುವುದನ್ನು ತೋರಿಸಬೇಕು; ಕೂರಲು ಹೋದರೆ ತೊಡೆಸಂದು ಹಿಡಿಯುತ್ತಿತ್ತು. ಹೆಡ್‌ಮಾಸ್ಟರು ತಂಡವನ್ನು ಗಣಿತದ ಮೇಷ್ಟ್ರಿಗೆ ಒಪ್ಪಿಸಿದ್ದರು.

"ಅವರು ಖೋ-ಖೋನ ಬೋರ್ಡ್ ಮೇಲೆ ಹೇಳ್ಕೊಡ್ತಾವ್ರೆ ಸಾರ್," ಎಂದು ಪಿ.ಟಿ. ಮೇಷ್ಟ್ರು ಡಾಕ್ಟರ ಮುಂದೆ ಗೋಳಾಡಿದರು. "ಬೆಂಗಳೂರಿನವರು ಇನ್ನೊಂದ್ಸಲ ನೋಡ್ಲಿ. ಒಂದು ಪತ್ರ ಕೊಡಿ."

"ಈ ಕೋನಕ್ಕೆ ನೋವು ಬರಲ್ಲ."

"ಬರ್ತೈತೆ ಸಾರ್."

"ಮನಸ್ಸಿಗೆ ಬರ್ತಿರಬೇಕು. ಯೋಗ ಮಾಡಿ."

ಯೋಗಕ್ಕೂ ಕೆಳಗೆ ಕೂರಬೇಕು ಎಂಬುದು ಡಾಕ್ಟರಿಗೆ ಹೊಳೆಯಲಿಲ್ಲ.

ಪ್ರಾತ್ಯಕ್ಷಿಕೆ

ಬೆಂಗಳೂರಿಗೆ ಹೋಗುವ ಮೊದಲು ಊರಿನ ಡಾಕ್ಟರುಗಳ ಎದುರು ಪ್ರಬಂಧದ ತಾಲೀಮು ನಡೆಯಿತು. ಗೋಡಂಬಿ, ಕಾಫಿ, ಆಮೇಲೆ ಫಿಲ್ಮುಗಳು. ಕೊನೆಯಲ್ಲಿ, ಇಡೀ ಕಂತೆಯಲ್ಲೇ ಅತ್ಯುತ್ತಮ ಎಂದು ಮೇಷ್ಟ್ರ ಫಿಲ್ಮು. ಜೊತೆಗೆ ಸ್ವತಃ ಮೇಷ್ಟ್ರು.

"ಕೂತು ತೋರ್ಸಿ ಮೇಷ್ಟ್ರೇ."

"ಕೂತ್ರೆ ಪತ್ರ ಕೊಡ್ತೀರಾ ಸಾರ್?"

"ಕೂತ್ರೆ ಪತ್ರ ಯಾಕ್ರೀ ಬೇಕು?"

ಮೇಷ್ಟ್ರು ಅರ್ಧ ಬಗ್ಗಿದರು. ಕೂರಲೂ ಆಗದೆ ಏಳಲೂ ಆಗದೆ ಅಲ್ಲೇ ನಿಂತರು. ಕಿವಿ ಡಾಕ್ಟರೊಬ್ಬರೂ ನಾನೂ ಸೇರಿ ಎತ್ತಿ ಕುರ್ಚಿಗೆ ಹಾಕಿದೆವು. ನಮ್ಮ ಡಾಕ್ಟರಿಗೆ ರೇಗಿತು. ದೀಪದ ಪೆಟ್ಟಿಗೆಯನ್ನು ಬೆರಳಲ್ಲಿ ಕುಟ್ಟಿದರು.

"ನಾಟಕ ಆಡ್ಬೇಡಿ. ಇಲ್ನೋಡಿ, ನಿಮ್ಮದೇ ಮೂಳೆ. ಇದ್ರಲ್ಲಿ ಏನ್ರೀ ತೊಂದ್ರೆ ಇದೆ?"

ಮೇಷ್ಟ್ರು ಬೆವರು ಒರೆಸಿಕೊಂಡು, ಮರ್ಯಾದೆಯಿಂದಲೇ ಹೇಳಿದರು:

"ಅದ್ರಲ್ಲಿ ಏನೂ ಇರಲ್ಲ ಸಾರ್, ಅದು ನಮ್ಮ ತಮ್ಮಂದು. ಫಿಲ್ಮ್ ತೆಗೆಸೋ ದಿನ ನಂಗೆ ಬಸ್ ಹತ್ತೋಕಾಗ್ಲಿಲ್ಲ. ಅವನು ಹೆಂಗೂ ಹೂವಿನ ಮಾರ್ಕೆಟ್ಟಿಗೆ ಬರ್ತಿದ್ದ, ನನ್ನ ಚೀಟಿ ಕೊಟ್ಟು ಕಳಿಸ್ದೆ. ಒಂದೇ ತಾಯಿ ಮಕ್ಳು, ಮೂಳೆ ಬೇರೆ ಇರುತ್ತಾ ಅನ್ಕೊಂಡೆ. ನೀವ್ಯಾರೂ ಕೇಳ್ಲಿಲ್ಲ."

ಡಾಕ್ಟರು ಪೆಟ್ಟಿಗೆಯ ದೀಪ ಆರಿಸಿದರು.

ಮೇಷ್ಟ್ರಿಗೆ ಪತ್ರ ಅಲ್ಲೇ ಸಿಕ್ಕಿತು. ಪ್ರಬಂಧ ಬೆಂಗಳೂರಿಗೆ ಹೋಗಲಿಲ್ಲ. ಕಂತೆಯಲ್ಲೆಲ್ಲ ಅತಿ ಚೆನ್ನಾಗಿ ವಾಸಿಯಾಗಿದ್ದ ಸೊಂಟಕ್ಕೆ ಆಪರೇಷನ್ನೇ ಆಗಿರಲಿಲ್ಲ.