ಪಕ್ಕದ ಸೀಟಿನ ಅಭಿಪ್ರಾಯ

ಎಲ್ಲಕ್ಕೂ ಕಾರಣ ಆ ಎರಡನೆಯ ಟಿಕೆಟ್ಟು. ಒಂದೇ ತಂದಿದ್ದರೆ ಇಂಟರ್ವಲ್ ತನ್ನ ಪಾಡಿಗೆ ಸಿನಿಮಾ ನೋಡಿ, ತನ್ನ ಪಾಡಿಗೆ ಬೈದುಕೊಂಡು ಮನೆಗೆ ಬರುತ್ತಿದ್ದ.

ಇಂಟರ್ವಲ್ ಎನ್ನುವುದು ಕನ್ನಡಕದ ಅಂಗಡಿಯ ಸಹೋದ್ಯೋಗಿಗಳು ಅವನಿಗೆ ಇಟ್ಟ ಹೆಸರು. ಯಾವ ಸಿನಿಮಾದ ಮಾತು ಬಂದರೂ ‘ಕತೆ ನಂಗೆ ಇಂಟರ್ವಲ್‌ಗೇ ಗೊತ್ತಾಯ್ತು’ ಎಂದೇ ಅವನು ಶುರು ಮಾಡುತ್ತಿದ್ದ. ಗಿರಾಕಿಗಳ ಕಣ್ಣು ಪರೀಕ್ಷೆ ಮಾಡುವುದು ಅವನ ಕೆಲಸ. ಮೂಗಿನ ಮೇಲೆ ಭಾರದ ಚೌಕಟ್ಟು ಹೇರಿಸಿಕೊಂಡು, ಎದುರಿನ ಹಲಗೆಯ ಅಕ್ಷರ ಓದುತ್ತ ಕೂತವರು ಎದ್ದು ಓಡುವ ಹಾಗಿಲ್ಲವಲ್ಲ, ಅವರಿಗೆ ಅವನು ಈಚಿನ ಸಿನಿಮಾಗಳ ವಿಮರ್ಶೆ ಕೊಡುತ್ತಿದ್ದ. ಅಕ್ಷರ ಕಾಣದಿದ್ದರೂ ಕಾಣುತ್ತದೆಂದು ಹೇಳಿ ಬೇಗ ಪಾರಾದವರು ಊರಲ್ಲಿ ಎಷ್ಟು ಜನ ಎಡವಿ ಬಿದ್ದರೋ ಲೆಕ್ಕವಿಲ್ಲ.

ಆ ದಿನ ಬೆಳಗ್ಗೆ ಕಾಫಿ ಲೋಟದ ಪಕ್ಕದಲ್ಲಿ ಎರಡು ಟಿಕೆಟ್ ಇಟ್ಟ. ಹೆಂಡತಿ ಅವನ್ನು ಮುಟ್ಟಲೂ ಇಲ್ಲ.

"ನಾನು ಬರಲ್ಲ ರೀ."

"ಯಾಕೆ?"

"ಹೋದ್ಸಲ ಆ ಅಳೋ ಸಿನಿಮಾದಲ್ಲಿ ಏನ್ಮಾಡಿದ್ರಿ? ತಾಯಿ ಸತ್ತಿದ್ದಾಳೆ, ಇಡೀ ಟಾಕೀಸು ಅಳ್ತಿದೆ. ನೀವು ‘ಉಸಿರು ನಿಂತ್ಮೇಲೂ ಹೊಟ್ಟೆ ಅಲ್ಲಾಡ್ತಿದೆ ನೋಡು’ ಅಂದ್ರಿ. ಮುಂದಿನ ಸಾಲಿನವ್ರೆಲ್ಲ ಅಳೋದು ಬಿಟ್ಟು ಹೊಟ್ಟೆ ನೋಡಕ್ಕೆ ಶುರು ಮಾಡಿದ್ರು."

"ಅಲ್ಲಾಡ್ತಿತ್ತಲ್ಲ."

"ತಮಾಷೆ ಸಿನಿಮಾದಲ್ಲಿ ಯಾರೂ ನಗೋಕೆ ಮುಂಚೆನೇ ಜೋಕು ಬಿಡಿಸಿ ಹೇಳಿದ್ರಿ. ಫೈಟಿಂಗ್ ಸಿನಿಮಾದಲ್ಲಿ ಗುಂಡು ಎಣಿಸಿದ್ರಿ. ಅದೂ ಗಟ್ಟಿಯಾಗಿ."

"ಆರು ಗುಂಡಿನ ಪಿಸ್ತೂಲಲ್ಲಿ ಹತ್ತೊಂಬತ್ತು ಹೊಡೆದ ಕಣೇ. ಸುಮ್ನಿರೋದು ಹೆಂಗೆ?"

ಅವಳ ಕಣ್ಣು ಟಿಕೆಟ್ಟಿನ ಮೇಲೆ ಅಚ್ಚಾಗಿದ್ದ ಟಾಕೀಸಿನ ಹೆಸರಿನ ಮೇಲೆ ಬಿತ್ತು. "ಹಳೇ ಟಾಕೀಸಿಗಾ? ಚಿಕ್ಕೋಳಿದ್ದಾಗ ಅಪ್ಪ ವಾರವಾರ ಅಲ್ಲಿಗೇ ಕರ್ಕೊಂಡು ಹೋಗ್ತಿದ್ರು. ಅವರು ಹೋದ್ಮೇಲೆ ನಾನು ಆ ಕಡೆ ತಲೆ ಹಾಕಿಲ್ಲ."

ಅವನ ಮಾವ ತೀರಿಕೊಂಡದ್ದು ಇವರ ಮದುವೆಗೂ ಎಷ್ಟೋ ವರ್ಷ ಮೊದಲು. ಒಂದು ಫೋಟೋ ಕೂಡ ಮನೆಯಲ್ಲಿರಲಿಲ್ಲ. ಅವರ ಮುಖವೇ ಗೊತ್ತಿಲ್ಲದ ಇಂಟರ್ವಲ್ ಲೋಟ ತಿರುಗಿಸುತ್ತ ಕೂತ. ಅವನಿಗೆ ನಿಜವಾಗಿ ಬೇಕಿದ್ದದ್ದು ಸಿನಿಮಾ ಅಲ್ಲ. ಕತ್ತಲಲ್ಲಿ ಅವಳ ಮೊಣಕೈ ತನ್ನ ಮೊಣಕೈಗೆ ತಾಗುತ್ತಿದ್ದರೆ ಎಂಥ ಕೆಟ್ಟ ಸಿನಿಮಾವೂ ಅವನಿಗೆ ಸಹ್ಯ, ಅವಳಿಲ್ಲದಿದ್ದರೆ ಒಳ್ಳೆಯದೂ ಸಪ್ಪೆ. ಅಷ್ಟೆಲ್ಲ ಮಾತಾಡುತ್ತಿದ್ದುದೂ ಅವಳು ಕೇಳಲಿ ಎಂದೇ. ಎಲ್ಲದರ ಬಗ್ಗೆಯೂ ಅಭಿಪ್ರಾಯ ಹೇಳುವ ಆಸಾಮಿ ಇದೊಂದನ್ನು ಮಾತ್ರ ಎಂದೂ ಬಾಯಿಬಿಟ್ಟು ಹೇಳಿರಲಿಲ್ಲ.

ಅವನ ಮುಖ ನೋಡಿ ಅವಳಿಗೂ ಅಯ್ಯೋ ಅನ್ನಿಸಿತೇನೋ. "ಒಂದು ಕೆಲ್ಸ ಮಾಡಿ. ಇವತ್ತು ಒಬ್ರೇ ಹೋಗಿ. ದೀಪ ಆರಿದ್ಮೇಲೆ ಒಂದು ಮಾತೂ ಆಡದೆ ಸಿನಿಮಾ ಮುಗಿಸ್ಕೊಂಡು ಬನ್ನಿ. ಬಂದ್ರೆ ಇನ್ಮೇಲೆ ಪ್ರತಿ ವಾರ ನಿಮ್ಜೊತೆ ಬರ್ತೀನಿ. ಆಗ್ಲಿಲ್ಲ ಅಂದ್ರೆ ಈ ಜನ್ಮದಲ್ಲಿ ಸಿನಿಮಾಕ್ಕೆ ಕರೀಬೇಡಿ."

"ನಾನು ಮಾತಾಡ್ಲಿಲ್ಲ ಅಂತ ನಿಂಗೆ ಹೆಂಗೆ ಗೊತ್ತಾಗುತ್ತೆ?"

"ಸುಳ್ಳು ಹೇಳಿದ್ರೆ ನಿಮ್ಮ ಕಿವಿ ಕೆಂಪಾಗುತ್ತಲ್ಲ."

"ಕಿವಿ ನಂಬ್ಕೊಂಡು ಕೂತ್ರೆ ಆಗಲ್ಲಮ್ಮ" ಎಂದು ಕಿಟಕಿಯಾಚೆಯಿಂದ ಒಂದು ದನಿ ಬಂತು. ಪಕ್ಕದ ಮನೆಯ ನಿವೃತ್ತ ಟೀಚರು. ಕಾಂಪೌಂಡಿನ ಮೇಲೆ ಗಲ್ಲ ಊರಿ ಎಲ್ಲವನ್ನೂ ಕೇಳಿಸಿಕೊಂಡಿದ್ದರು. "ನಾನೇ ಹೋಗಿ ಇವರ ಹಿಂದಿನ ಸಾಲಲ್ಲಿ ಕೂತ್ಕೋತೀನಿ. ಎಷ್ಟು ಪರೀಕ್ಷೆಗೆ ಕಾವಲು ಕೂತಿದ್ದೀನಿ, ಇದ್ಯಾವ ದೊಡ್ಡದು?"

ಉಳಿದ ಟಿಕೆಟ್ಟನ್ನು ಇಂಟರ್ವಲ್ ಅಂಗಡಿಗೆ ಒಯ್ದ. ಗಾಜು ಉಜ್ಜುವವನಿಗೆ ಅದನ್ನು ಕಂಡ ಕೂಡಲೇ ಹಲ್ಲುನೋವು ಬಂತು. ಮಾಲೀಕರು, ಕತ್ತಲಲ್ಲಿ ನನಗೆ ಕಣ್ಣೇ ಕಾಣುವುದಿಲ್ಲ ಎಂದರು. ಅಷ್ಟು ಕನ್ನಡಕಗಳ ನಡುವೆ ಕೂತು ಹಾಗೆ ಹೇಳಲು ಅವರಿಗೆ ನಾಚಿಕೆಯೂ ಆಗಲಿಲ್ಲ. ಇಂಟರ್ವಲ್ ಅರ್ಧ ದಿನ ರಜೆ ಹಾಕಿ, ಎರಡು ಟಿಕೆಟ್ಟನ್ನೂ ಜೇಬಿನಲ್ಲಿಟ್ಟುಕೊಂಡು ಮ್ಯಾಟಿನಿಗೆ ಹೊರಟ.

ಹೊರಗೆ ಬಿಸಿಲು ಸುಡುತ್ತಿದ್ದರೆ ಟಾಕೀಸಿನ ಒಳಗೆ ಬಾವಿಗಿಳಿದ ಹಾಗೆ ತಂಪು. ಜನ ಬೆರಳೆಣಿಕೆಯಷ್ಟು, ಎಲ್ಲರೂ ಮುಂದೆ. ಭಾರ ಬಿದ್ದಾಗ ಮಾತ್ರ ಕೆಳಗಿಳಿದು, ಎದ್ದರೆ ತಾನಾಗಿ ಮಡಚಿಕೊಳ್ಳುವ ಹಳೆಯ ಸೀಟುಗಳು ಸಾಲುಸಾಲಾಗಿ ಬಾಯಿ ಮುಚ್ಚಿಕೊಂಡು ನಿಂತಿದ್ದವು. ಅವನ ಹಿಂದೆಯೇ ಟೀಚರು ಬಂದು ಬೆನ್ನು ನೆಟ್ಟಗೆ ಮಾಡಿ ಕೂತರು. ದೀಪ ಆರಿತು. ಇಂಟರ್ವಲ್ ಬಾಯಿಗೆ ಎರಡು ಪೆಪ್ಪರಮೆಂಟು ಹಾಕಿಕೊಂಡು ತುಟಿ ಬಿಗಿದ.

ಟಾರ್ಚಿನವನು ಬಂದು ಎರಡೂ ಟಿಕೆಟ್ ಹರಿದ. ಒಂದು ಚೂರನ್ನು ಇಂಟರ್ವಲ್ ಕೈಗೆ ಕೊಟ್ಟು, ಇನ್ನೊಂದನ್ನು ಪಕ್ಕದ ಖಾಲಿ ಸೀಟಿನ ಕಡೆ ಚಾಚಿ, "ತಗೊಳ್ಳಿ, ನಿಮ್ದು" ಎಂದ. ಅವನು ಕೈ ಹಿಂದಕ್ಕೆ ತೆಗೆದಾಗ ಅದರಲ್ಲಿ ಟಿಕೆಟ್ ಇರಲಿಲ್ಲ.

ನುಸಿಗುಳಿಗೆಯ ವಾಸನೆ ತೆಳ್ಳಗೆ ಬಂತು. ತೆರೆಯ ಮೇಲೆ ಅರಮನೆಯಂಥ ಮನೆಯಲ್ಲಿ ಅಣ್ಣತಮ್ಮಂದಿರು ಜಗಳಕ್ಕಿಳಿದಿದ್ದರು. ಇಂಟರ್ವಲ್‌ಗೆ ನಾಲಿಗೆ ತುರಿಸತೊಡಗಿತು.

"ಅಷ್ಟು ದೊಡ್ಡ ಮನೇಲಿ ಒಬ್ರಿಗೊಬ್ರು ಸಿಗೋದೇ ಕಷ್ಟ. ಜಗಳ ಎಲ್ಲಿಂದ ಬರ್ಬೇಕು?"

ಅವನು ಅಂದುಕೊಂಡದ್ದು ಅದನ್ನೇ. ಆದರೆ ಹೇಳಿದವನು ಅವನಲ್ಲ. ಮೆಲ್ಲಗೆ ತಲೆ ತಿರುಗಿಸಿದ. ಪಕ್ಕದಲ್ಲಿ ಅರ್ಧ ತೋಳಿನ ಅಂಗಿಯ, ಬಕ್ಕತಲೆಯ ಹಿರಿಯರೊಬ್ಬರು ಕಾಲ ಮೇಲೆ ಕಾಲು ಹಾಕಿ ಆರಾಮವಾಗಿ ಕೂತಿದ್ದರು. ಅವರ ಕೆಳಗೆ ಸೀಟು ಮಾತ್ರ ಮಡಚಿಕೊಂಡೇ ಇತ್ತು.

ಇಂಟರ್ವಲ್‌ಗೆ ಕಿರುಚಬೇಕೆನಿಸಿತು. ಕಿರುಚಿದರೆ ಅದು ಮಾತೋ ಅಲ್ಲವೋ ಎಂದು ಟೀಚರ ಜೊತೆ ವಾದಿಸುವಷ್ಟು ಧೈರ್ಯ ಅವನಿಗಿರಲಿಲ್ಲ. ಪೆಪ್ಪರಮೆಂಟು ಕಚ್ಚಿಕೊಂಡ.

"ಈಗ ಆ ದಪ್ಪಗಿರೋನು ಬಂದು ಜಾರಿ ಬೀಳ್ತಾನೆ. ಅದಕ್ಕೆ ನಾವು ನಗ್ಬೇಕು" ಎಂದರು ಹಿರಿಯರು. ದಪ್ಪಗಿದ್ದವನು ಬಂದು ಜಾರಿ ಬಿದ್ದ. "ಬೆಳಗಿನ ಆಟನೂ ನೋಡಿದೆ. ಎಲ್ಲ ಆಟನೂ ನೋಡ್ತೀನಿ. ಬೇರೆ ಏನು ಕೆಲ್ಸ ನಂಗೆ?"

ಹಿಂದಿನಿಂದ ಟೀಚರು "ಶ್" ಎಂದರು. ಇಂಟರ್ವಲ್ ತಿರುಗಿ, ನಾನಲ್ಲ, ಇವರು ಎಂದು ಕೈಯಲ್ಲೇ ತೋರಿಸಿದ. ಅವನು ತೋರಿಸಿದ ಕಡೆ ನೋಡಿದ ಟೀಚರು ಖಾಲಿ ಸೀಟು ಕಂಡು ಹಲ್ಲು ಕಚ್ಚಿದರು. ಪಕ್ಕದವರ ಬಾಯಿ ಮುಚ್ಚಿಸಬೇಕೆಂದರೆ ತಾನು ಬಾಯಿ ತೆರೆಯಬೇಕು. ಜೀವಮಾನದಲ್ಲಿ ಮೊದಲ ಸಲ ಅವನಿಗೆ, ಸಿನಿಮಾದಲ್ಲಿ ಮಾತಾಡುವವರನ್ನು ಹಿಡಿದು ಹೊರಗೆ ಹಾಕಬೇಕು ಅನ್ನಿಸಿತು.

ವಿರಾಮದ ದೀಪ ಹತ್ತಿದಾಗ ಪಕ್ಕದಲ್ಲಿ ಯಾರೂ ಇರಲಿಲ್ಲ. ದೀಪ ಉರಿಯುವಾಗ ಮಾತಿಗೆ ತಡೆಯಿಲ್ಲವೆಂದು ಅವನು ಟಾರ್ಚಿನವನ ಬಳಿ ಓಡಿದ.

"ನನ್ನ ಪಕ್ಕ ಒಬ್ರು..."

"ತೊಂದರೆ ಕೊಟ್ರಾ? ಸ್ವಲ್ಪ ಸಹಿಸ್ಕೊಳ್ಳಿ ಸಾರ್. ನಾನು ಕೆಲಸಕ್ಕೆ ಸೇರಿದಾಗಿಂದ ಆ ಕಂಬದ ಹತ್ರ ನಿಂತ್ಕೊಂಡೇ ನೋಡ್ತಿದ್ರು ಪಾಪ. ಟಿಕೆಟ್ ಇಲ್ದೆ ಕೂರೋ ಜನ ಅಲ್ಲ. ಇವತ್ತು ನೀವು ಕೂರಿಸಿದ್ರಿ."

"ಎಲ್ಲಿಂದ ಬರ್ತಾರೆ?"

ಟಾರ್ಚಿನವನು ಯೋಚಿಸಿದ. "ಬರೋದನ್ನ ನಾನು ನೋಡಿಲ್ಲ. ಹೋಗೋದನ್ನೂ ನೋಡಿಲ್ಲ."

ಮನೆಗೆ ಓಡಿಬಿಡೋಣ ಎಂದು ಇಂಟರ್ವಲ್ ಬಾಗಿಲ ಕಡೆ ನೋಡಿದ. ಬಾಗಿಲಲ್ಲಿ ಟೀಚರು ನಿಂತಿದ್ದರು. "ಅರ್ಧಕ್ಕೆ ಎದ್ದು ಹೋದ್ರೆ ಫೇಲು" ಎಂದರು. ಹೆಂಡತಿಯ ಮೊಣಕೈ ನೆನಪಾಯಿತು. ವಾಪಸು ಹೋಗಿ, ಎರಡೂ ಕೈ ಮಂಡಿಯ ಮೇಲಿಟ್ಟುಕೊಂಡು ಕೂತ.

ದೀಪ ಆರಿದೊಡನೆ ನುಸಿಗುಳಿಗೆ. ಈಗ ತೆರೆಯ ತುಂಬ ಹೊಡೆದಾಟ. ಹಿರಿಯರು ಗುಂಡು ಎಣಿಸತೊಡಗಿದರು. ಇಂಟರ್ವಲ್‌ನ ಬೆರಳುಗಳೂ ಮಂಡಿಯ ಮೇಲೆ ತಾವಾಗಿ ಎಣಿಸಿದವು. ಇಬ್ಬರ ಲೆಕ್ಕವೂ ತಾಳೆಯಾಯಿತು. ಹಿರಿಯರು ಮೆಚ್ಚಿಕೊಂಡು ಅವನ ಮುಂಗೈ ತಟ್ಟಿದರು. ಮಣ್ಣಿನ ಹೂಜಿಯಲ್ಲಿಟ್ಟ ನೀರಿನಂಥ ಬೆರಳುಗಳು.

"ಮುಂಚೆ ನನ್ಜೊತೆ ಒಬ್ಬಳು ಬರ್ತಿದ್ಲು" ಎಂದರು. "ಒಂದ್ಸಲನೂ ‘ಸುಮ್ನಿರಿ’ ಅಂದವಳಲ್ಲ. ‘ಆಮೇಲೆ ಏನಾಗುತ್ತೆ, ಹೇಳಿ’ ಅಂತ ತೋಳು ಜಗ್ಗೋಳು. ಅವಳಿಗೆ ಹೇಳಿ ಹೇಳಿನೇ ಈ ಚಾಳಿ ಅಂಟ್ಕೊಂಡಿದ್ದು." ಕೈಯಲ್ಲಿದ್ದ ಟಿಕೆಟ್ಟಿನ ಚೂರನ್ನು ಬೆರಳಲ್ಲಿ ತಿರುವಿದರು. ಅವರ ದುಃಖ ಇಂಟರ್ವಲ್‌ಗೆ ಚೆನ್ನಾಗಿ ಅರ್ಥವಾಯಿತು. ಪಾಪ ಅನ್ನಿಸಿತು. ಅಷ್ಟರಲ್ಲಿ ಅವರು, "ಕೊಲೆ ಮಾಡಿದ್ದು ಚಿಕ್ಕಪ್ಪ" ಎಂದು ಕೊನೆಯನ್ನೂ ಹೇಳಿಬಿಟ್ಟರು. ಆ ಪಾಪ ಅಲ್ಲಿಗೇ ಮುಗಿಯಿತು.

ಇಂಟರ್ವಲ್ ಮನೆ ತಲುಪುವ ಮೊದಲೇ ಟೀಚರು ವರದಿ ಒಪ್ಪಿಸಿದ್ದರು.

"ಮೊದಲಿಂದ ಕೊನೇವರೆಗೂ ಮಾತು ಕಣಮ್ಮ. ಗಂಡಸಿನ ಗಂಟಲು, ಅದೇ ಸಾಲಿಂದ. ಆ ಸಾಲಲ್ಲಿ ಇವರೊಬ್ರೇ. ಗುಂಡೂ ಎಣಿಸಿದ್ರು."

"ನಾನು ಒಂದು ಮಾತೂ ಆಡಿಲ್ಲ ಕಣೇ" ಎಂದ ಇಂಟರ್ವಲ್. "ಆಡಿದ್ದು ಪಕ್ಕದ ಸೀಟಿನವರು."

ಟೀಚರು ನಕ್ಕರು. ಹೆಂಡತಿ ನಗಲಿಲ್ಲ. ಅವನ ಗಲ್ಲ ಹಿಡಿದು ದೀಪದ ಕಡೆ ತಿರುಗಿಸಿ ಒಂದು ಕಿವಿ ನೋಡಿದಳು, ಆಮೇಲೆ ಇನ್ನೊಂದು. ಎರಡೂ ಸುಣ್ಣ ಬಳಿದಂತೆ ಬೆಳ್ಳಗಿದ್ದವು.

ಅವನು ಬೆವರು ಒರೆಸಲು ಜೇಬಿನಿಂದ ಕರವಸ್ತ್ರ ಎಳೆದ. ಅದರ ಜೊತೆ ಏನೋ ಕೆಳಗೆ ಬಿತ್ತು. ಟಿಕೆಟ್ಟಿನ ಚೂರಿನಲ್ಲಿ ಮಡಚಿದ, ಹೆಬ್ಬೆರಳಿನ ಉಗುರಿನಷ್ಟು ಪುಟ್ಟ ದೋಣಿ. ಅದನ್ನು ಅವನು ಮಾಡಿರಲಿಲ್ಲ, ಜೇಬಿಗೆ ಹಾಕಿಕೊಂಡಿರಲೂ ಇಲ್ಲ.

ಹೆಂಡತಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದಳು. ಒಳಗೆ ಹೋಗಿ ಬೀರುವಿನಿಂದ ಒಂದು ತಗಡಿನ ಡಬ್ಬಿ ತಂದು ಮುಚ್ಚಳ ತೆಗೆದಳು. ಅದರ ತುಂಬ ಬಣ್ಣ ಮಾಸಿದ ಟಿಕೆಟ್ಟಿನ ದೋಣಿಗಳು. ಹೊಸ ದೋಣಿಯನ್ನು ಅವುಗಳ ನಡುವೆ ಇಟ್ಟರೆ ಮಡಿಕೆಗೆ ಮಡಿಕೆ ಹೊಂದಿತು. ಡಬ್ಬಿಯಿಂದ ನುಸಿಗುಳಿಗೆಯ ವಾಸನೆ ಬರುತ್ತಿತ್ತು.

"ಬಕ್ಕತಲೆನಾ?" ಎಂದಳು.

"ಹೂಂ."

"ಕಾಲ ಮೇಲೆ ಕಾಲು?"

"ಹೂಂ."

"ಅಪ್ಪ" ಎಂದು ಅವಳು ಅಲ್ಲೇ ಕೂತು ಅತ್ತಳು. ಟೀಚರು ಯಾವಾಗ ಕಾಂಪೌಂಡು ದಾಟಿ ಮನೆ ಸೇರಿದರೋ ಯಾರಿಗೂ ಗೊತ್ತಾಗಲಿಲ್ಲ.

ಅಳು ನಿಂತ ಮೇಲೆ ಅವಳು ಕಣ್ಣೊರೆಸಿಕೊಂಡು, "ಮುಂದಿನ ವಾರ ಅದೇ ಟಾಕೀಸಿಗೆ ಟಿಕೆಟ್ ತನ್ನಿ. ಪ್ರತಿ ವಾರ ತನ್ನಿ" ಎಂದಳು.

ಇಂಟರ್ವಲ್‌ನ ಭಯವೆಲ್ಲ ಒಂದೇ ಏಟಿಗೆ ಇಳಿಯಿತು. ಗೆದ್ದಿದ್ದ. ಇನ್ನು ಪ್ರತಿ ವಾರ ಅವಳ ಮೊಣಕೈ. ಮಾವನವರು ಅವಳ ಆಚೆ ಬದಿಗೆ ಕೂತು ಏನು ಬೇಕಾದರೂ ಹೇಳಿಕೊಳ್ಳಲಿ.

"ಮೂರು ತರ್ತೀನಿ" ಎಂದ.

"ಮೂರ್ಯಾಕೆ ರೀ? ಎರಡು ಸಾಕು." ಅವಳು ಡಬ್ಬಿಯ ಮುಚ್ಚಳ ಹಾಕಿದಳು. "ಒಂದು ಅಪ್ಪಂಗೆ, ಒಂದು ನಂಗೆ. ನೀವು ಬಂದ್ರೆ ಮಧ್ಯೆ ಮಧ್ಯೆ ಮಾತಾಡ್ತೀರ."