ಡ್ರಮ್ಮಿಗೊಂದು ಮೈ ಹುಡುಕಿದ್ದು

ನಗುವಂಥ ಸಂಗತಿಗಳು ಬ್ಯಾರೆಯವರ ಮನಿ ಮುಂದ ಸುಮ್ಮನ ಹಾದು ಹೋಗ್ತಾವ. ನಮ್ಮ ಮನ್ಯಾಗ ಮಾತ್ರ ಚಪ್ಪಲಿ ಬಿಟ್ಟು ಒಳಗ ಬಂದು, ಚಾ ಕುಡಿದು, ‘ನಾಳೆ ಮತ್ತ ಬರ್ತೇವಿ’ ಅಂತ ಹೇಳಿ ಹೋಗ್ತಾವ.

ನಾನು ಒಂಬತ್ತನೇ ಇಯತ್ತಾ ತನಕ ಸಾಲಿ ಕಲಿತವ. ಅಲ್ಲಿ ಕಲಿತದ್ದಕ್ಕಿಂತ ಬೆಂಚು ಬಡಿದದ್ದೇ ಹೆಚ್ಚು. ಮುಂದ ಜಮಖಂಡಿಯ ಒಂದು ಬ್ಯಾಂಡ್ ಪಾರ್ಟಿಯಲ್ಲಿ ತಾಳ ಬಡಿಯುವ ಕೆಲಸ ಸಿಕ್ಕಿತು. ಕೈ ತಾಳದ ಮ್ಯಾಲ, ಕಣ್ಣು ಮಾತ್ರ ಡ್ರಮ್ ಸೆಟ್ಟಿನ ಮ್ಯಾಲ. ಹೋದ ಮಳಿಗಾಲದಾಗ ಸೆಟ್ ಬಾರಿಸುವಾಂವ ಪಾರ್ಟಿ ಬಿಟ್ಟ. ಅದೇ ಮಳ್ಯಾಗ ಸೆಟ್ಟಿನ ದೊಡ್ಡ ಡ್ರಮ್ಮಿನ ಕಟಗಿ ಮೈ ಉಬ್ಬಿ ಬಿರುಕು ಬಿಟ್ಟಿತು. ಬ್ಯಾಂಡ್ ಮಾಸ್ತರು ಉಳಿದ ರಿಂಗು, ಸ್ಟ್ಯಾಂಡು, ತೊಗಲು ಎಲ್ಲಾ ನನ್ನ ಮುಂದ ಸುರುವಿದರು.

“ಇದಕ್ಕ ಛಲೋ ಮೈ ಮಾಡಿಸ್ಕೊಂಡ ಬಾ. ಸೌಂಡ್ ಬರೋಬರಿ ಬಂತಂದ್ರ ಸೀಟು ನಿಂದು. ಇಲ್ಲಂದ್ರ ಮುದುಕ ಆಗೂತನಕ ತಾಳ ಬಡಿ.”

ಮುದುಕ ಆಗಿ ತಾಳ ಹಿಡಿದು ನಿಂತ ನನ್ನ ನಾನೇ ಕಣ್ಣ ಮುಂದ ಕಂಡೆ. ಸೀದಾ ನಮ್ಮೂರು ಬನಹಟ್ಟಿಗೆ ಓಡಿ ಬಂದು ಕಾಕಾನ ಕಾಲು ಹಿಡಿದೆ. ಕಾಕಾ ಬಡಿಗ. ಮಗ್ಗದ ಕಟಗಿ ಸಾಮಾನು ರಿಪೇರಿ ಮಾಡುವುದರಲ್ಲಿ ಎತ್ತಿದ ಕೈ. ಡ್ರಮ್ಮನ್ನ ಮಾತ್ರ ಅಲ್ಲೀತನಕ ಲಗ್ನದ ಮೆರವಣಿಗ್ಯಾಗ ದೂರದಿಂದ ನೋಡಿದ್ದ, ಅಷ್ಟ.

ಹೆಣ್ಣು ನೋಡಾಕ ಹೋದದ್ದು

ಕಟಗಿ ಹೆಂಗ, ದನಿ ಹಂಗ ಅಂತ ಯಾರೋ ಕಾಕಾನ ತಲ್ಯಾಗ ತುಂಬಿದರು. (ನಾನೇ.) ಅವತ್ತಿನಿಂದ ಅವನಿಗೊಂದು ಚಟ ಹತ್ತಿತು. ಕಟಗಿ ಕಂಡರ ಸಾಕು, ಬೆರಳಿನ ಗೆಣ್ಣಿಲೆ ಬಡಿದು ಕಿವಿ ಹಚ್ಚುವುದು. ಚಾದಂಗಡಿ ಬೆಂಚು, ಚಕ್ಕಡಿ ನೊಗ, ಬ್ಯಾರೆಯವರು ಮಲಗಿದ್ದ ಮಂಚ, ಯಾವುದನ್ನೂ ಬಿಡಲಿಲ್ಲ.

ಅಂಥದರೊಳಗ ಅವನಿಗೆ ಮುಧೋಳದಲ್ಲಿ ಹೆಣ್ಣು ನೋಡಾಕ ಹೋದೆವು. ಎಲ್ಲಾರೂ ಒಳಗ ಹೋಗಿ ಕುಂತರು. ಕಾಕಾ ಮಾತ್ರ ಹೊಸ್ತಿಲದಾಗ ನಿಂತು ಅವರ ತಲಿಬಾಗಿಲಾ ಬಡಿಯಾಕ ಹತ್ತಿದ. ದಬ್, ದಬ್. ಬಾಗಿಲಾ ಪೂರಾ ತೆರೆದೇ ಇತ್ತು. ಆದರೂ ಒಳಗ ಹಾಸಿಗಿ ಮ್ಯಾಲಿದ್ದ ಹುಡುಗಿಯ ಆಯಿ, ಅಂದರ ಅಜ್ಜಿ, “ಬಂದೆ ಬಂದೆ, ತಡೀರಿ” ಅಂತ ಎದ್ದು ಕೋಲು ಊರಿಕೊಂತ ಬಂದಳು. ಬಂದು ನೋಡಿದರ ಹೊಸಬರು ಯಾರೂ ಇಲ್ಲ. ಹೊಳ್ಳಿ ಹೋದಳು. ಕಾಕಾ ಮತ್ತ ಬಡಿದ. ಆಯಿ ಮತ್ತ ಎದ್ದು ಬಂದಳು.

ಹುಡುಗಿಯ ಅಪ್ಪ ಕೆಮ್ಮಿ ಕೇಳಿದರು, “ತಾವು ಹುಡುಗೀನ ನೋಡಾಕ ಬಂದೀರೋ, ಬಾಗಿಲಾನೋ?”

ಕಾಕಾನ ಮಾರಿ ಕೆಂಪಾತು. ಅಷ್ಟರಾಗ ಅಡಗಿಮನಿಯಿಂದ ಹುಡುಗಿಯದೇ ದನಿ ಬಂತು: “ಅದು ಹಳೇ ಸಾಗವಾನಿ ಐತ್ರಿ. ತೆಳಗ ಗೆದ್ದಲ ಹತ್ತೇತಿ. ಬಡಿಯೂದಿದ್ರ ಮ್ಯಾಲ ಬಡೀರಿ.”

ಲಗ್ನ ಅಲ್ಲೇ ಗಟ್ಟಿ ಆತು. ಹೊಳ್ಳಿ ಬರುವಾಗ ಬಸ್ಸಿನ್ಯಾಗ ನಮ್ಮವ್ವ ಮೈದುನನ್ನ ಕೇಳಿದಳು, “ಹೆಂಗ ಅನಸಿದ್ಲಪಾ?”

ಕಾಕಾ ಕಿಡಕ್ಯಾಗಿಂದ ಹೊರಗ ನೋಡಿಕೊಂತ ಅಂದ, “ಛಲೋ ಸಾಗವಾನಿ, ವೈನಿ.”

ಎಮ್ಮಿಗೆ ಸಿಕ್ಕ ಡ್ರಮ್

ಈ ಸುದ್ದಿ ಕೇಳಿ ಮಾಸ್ತರು ಅಂದರು, “ಬರೋಬರಿ ಆತು. ನಿಮ್ಮ ಕಾಕಾನ ಲಗ್ನಕ್ಕ ನಮ್ಮ ಪಾರ್ಟೀನ ಬರ್ತದ. ಅಲ್ಲೇ ಬಾರಿಸಿ ತೋರಸು. ಅದ ನಿನ್ನ ಪರೀಕ್ಷಾ.” ಪರೀಕ್ಷಾ ಅನ್ನೂ ಶಬ್ದ ಕೇಳಿದ್ದ ತಡ, ಬನಹಟ್ಟಿ ಬಸ್ ಹಿಡಿದೆ.

ಬಡಿಗರ ಲೆಕ್ಕ ಒಂದೇ. ಮಾಡಿದ್ದು ಮೊಮ್ಮಕ್ಕಳ ಕಾಲಕ್ಕೂ ಮುರಿಯಬಾರದು. ಕಾಕಾ ಜಾಲಿ ಕಟಗಿ ತಂದ. ಚಕ್ಕಡಿ ಗಾಲಿಯ ನಡುವಿನ ಗುಂಬಕ್ಕ ಹಾಕುವಂಥಾ ಕಟಗಿ ಅದು. ದೊಡ್ಡ ಡ್ರಮ್ಮಿನ ಮೈ ಅಂಗೈ ಅಗಲದಷ್ಟು ದಪ್ಪ ಮಾಡಿದ. ಮಂದಿ ಕರೆದು ಎತ್ತಿಸಿ ಅಂಗಳಕ್ಕ ತಂದೆವು. ತೊಗಲು ಏರಿಸಿ ಬಡಿದೆ.

ಟಕ್.

ಅಷ್ಟ. ಬಿಗಿದ ತೊಗಲು ಒಂದು ಮಾತು ಆಡಿ ಸುಮ್ಮನಾತು. ಕಟಗಿ ‘ನನಗೇನು ಸಂಬಂಧ’ ಅಂತ ಕುಂತುಬಿಟ್ಟಿತು.

ನಮ್ಮ ಅಜ್ಜ ಕಟ್ಟಿ ಮ್ಯಾಲಿಂದ ಎದ್ದು ಬಂದ. ಬೀರಪ್ಪನ ಗುಡಿಯಲ್ಲಿ ಜೀವಮಾನವಿಡೀ ಡೊಳ್ಳು ಬಾರಿಸಿ ಕಿವಿ ಮಂದ ಮಾಡಿಕೊಂಡವ ಆಂವ. ಡೊಳ್ಳನ್ನು ಹೊಟ್ಟಿಗೆ ಕಟ್ಟಿಕೊಂಡೇ ಬಾರಿಸಿದ್ದಕ್ಕ ಅವನಿಗೆ ಈಗ ಹೊಟ್ಟಿಯೇ ಕಿವಿ. ಅಂಗಿ ಎತ್ತಿ ಡ್ರಮ್ಮಿಗೆ ಹೊಟ್ಟಿ ಹಚ್ಚಿ, “ಹೂಂ, ಬಡಿ” ಅಂದ. ಬಡಿದೆ.

“ಹೊಡದ್ಯೋ ಇಲ್ಲೋ?”

“ಹೊಡದೆ ಅಜ್ಜಾ!”

“ಹಂಗಾರ ಇದು ಡ್ರಮ್ಮಲ್ಲಲೇ, ಗೋಡಿ. ಮೈ ಇಷ್ಟು ದಪ್ಪ ಇದ್ರ ತೊಗಲಿನ ಜೋಡಿ ಹೆಂಗ ದನಿಗೂಡಸ್ತದ? ತೆಳ್ಳಗ ಮಾಡ್ರಿ, ಆಗ ಕಟಗೀನೂ ಹೂಂಗುಟ್ಟತದ.”

ನಮ್ಮ ಮನ್ಯಾಗ ಒಂದು ಎಮ್ಮಿ ಐತಿ. ಎಂಥಾ ಗೂಟ ಹೊಡೆದರೂ ಕಿತ್ತುಕೊಂಡು ಮಂದಿ ಹೊಲಕ್ಕ ಹೋಗುವಂಥಾದ್ದು. ಅವ್ವ ಅದನ್ನ ಈ ಡ್ರಮ್ಮಿಗೆ ಕಟ್ಟಿದಳು. ಅವತ್ತಿನಿಂದ ಇವತ್ತಿನ ತನಕ ಎಮ್ಮಿ ನಿಂತಲ್ಲೇ ನಿಂತೈತಿ.

ಗಾಣದ ಉಗಿ

ಕಾಕಾನ ಮನಸ್ಸು ಈಗ ಆ ಕಡೆಯಿಂದ ಈ ಕಡೆಗೆ ಪೂರಾ ಹೊರಳಿತು. ಮಾವಿನ ಕಟಗಿಯನ್ನ ಹಪ್ಪಳದಂಗ ಸೀಳಿದ. ಪಟ್ಟಿ ದುಂಡಗ ಬಗ್ಗಬೇಕಂದರ ಉಗಿ ಬೇಕು. ಅಷ್ಟು ಉಗಿ ಎಲ್ಲಿ ಸಿಗ್ತದ? ಮಹಾಲಿಂಗಪುರದ ಕಡೆ ಗೆಳೆಯನ ಗಾಣಕ್ಕ ಹೋದೆವು. ಅಲ್ಲಿ ಕಬ್ಬಿನ ಹಾಲು ಕೊತಕೊತ ಕುದಿಯುತ್ತಿತ್ತು. ಕಾಕಾ ಪಟ್ಟಿಗಳನ್ನ ಅದರ ಮ್ಯಾಲ ಹಿಡಿದ. ನಾನು ಸುಮ್ಮನಿರದೆ ಹಿಂದಿನಿಂದ ಅವನ ಬಗಲಾಗ ಕಚಗುಳಿ ಇಟ್ಟೆ. ಪಟ್ಟಿ ಎಲ್ಲಾ ಒಳಗ!

ತೆಗೆದು ನೋಡಿದರ ಎಷ್ಟು ಚಂದ ಬಗ್ಗಿದ್ದವು ಅಂತೀರಿ! ಒಂದಕ್ಕೊಂದು ಹಂಗೇ ಅಂಟಿಕೊಂಡಿದ್ದವು. “ಅಂಟಿಸಾಕ ಸರೇಸು ಸುದ್ದಾ ಬ್ಯಾಡಾತಲೇ!” ಅಂತ ಕಾಕಾ ಕುಣಿದ.

ದನಿಯೂ ಛಲೋ ಬಂತು. ಗುಂ ಅಂತ ತುಂಬಿದ ದನಿ. ಸೀಟು ನಂದೇ ಅಂತ ಊರೆಲ್ಲಾ ಹೇಳಿಕೊಂಡು ಬಂದೆ. ಮುಂಜಾನೆ ನೋಡಿದರ ಡ್ರಮ್ಮಿನ ಮ್ಯಾಲ ಇರಿವಿಯ ಜಾತ್ರಿ. ಅವು ಹೋಗಲಿ ಅಂತ ತೊಗಲು ಬಿಚ್ಚಿ ಬಿಸಲಾಗ ಇಟ್ಟು ಒಳಗ ಚಾ ಕುಡಿಯಾಕ ಹೋದೆ. ಬರೂದರಾಗ ಓಣಿಯ ಆಡೊಂದು ಅರ್ಧ ಮೈ ತಿಂದು ಮೀಸಿ ನೆಕ್ಕಿಕೊಂತ ನಿಂತಿತ್ತು.

ನಾನು ಆಡಿನ ಒಡತಿಯ ಜೋಡಿ ಜಗಳಾಡಾಕ ಹೊಂಟಿದ್ದೆ. ಮರುದಿನ ಆಕೀನ ನಮ್ಮ ಬಾಗಲಕ್ಕ ಬಂದಳು: “ಏನ ಹಾಕೀರಿ ನಮ್ಮ ಆಡಿಗೆ? ನಿನ್ನಿಯಿಂದ ಹುಲ್ಲು ಮೂಸವಲ್ದು. ನಿಮ್ಮ ಮನಿ ಡ್ರಮ್ಮ ಬೇಕಂತ ಕುಂತೈತಿ!”

ಓಂಕಾಳು

ಲಗ್ನ ಹತ್ತಿರ ಬಂತು. ಡ್ರಮ್ಮಿಲ್ಲ. ದುಃಖದಾಗ ಸುಮ್ಮನ ಕುಂದ್ರೂ ಮನಶ್ಯಾ ನಾನಲ್ಲ. ಜಮಖಂಡಿಗೆ ಹೋಗಿ ಮಾಸ್ತರ ಮುಂದ ಅಜ್ಜನ ವಿದ್ಯೆ ಹೇಳಿದೆ. ಮ್ಯಾಲ ನಂದೂ ಒಂದಿಷ್ಟು ಸೇರಿಸಿದೆ: “ಹೊಟ್ಟಿ ಎಷ್ಟು ದೊಡ್ಡದೈತಿ ಅಷ್ಟು ಬರೋಬರಿ ಕೇಳ್ತದಂತರಿ ಮಾಸ್ತರ್ರ. ನಿಮ್ಮಂಥವರಿಗೆ ದೇವರ ಕೊಟ್ಟಾನ.”

ಮಾಸ್ತರು ಖುಷಿಯಾಗಿ ಢೋಲಿನ ಮ್ಯಾಲ ಬೋರಲು ಬಿದ್ದರು. ಅವರನ್ನ ನೋಡಿ ಉಳಿದವರೂ ಕೈಗೆ ಸಿಕ್ಕ ವಾದ್ಯಕ್ಕ ಹೊಟ್ಟಿ ಹಚ್ಚಿ, ಕಣ್ಣು ಮುಚ್ಚಿ ನಿಂತರು. ಕ್ಲಾರ್ನೆಟ್‌ನವ ಸುದ್ದಾ ಹಚ್ಚಿದ. ಅದೇ ಹೊತ್ತಿಗೆ ಬೀಳಗಿಯಿಂದ ಹಿರಿಯರೊಬ್ಬರು ಮಗಳ ಲಗ್ನಕ್ಕ ಬ್ಯಾಂಡ್ ಹೇಳಾಕ ಬಂದರು. ಬಾಗಿಲದಾಗ ನಿಂತು ಒಂದಿಷ್ಟು ಹೊತ್ತು ನೋಡಿದರು.

“ಬ್ಯಾಂಡಿಂದು ಆಮ್ಯಾಲ ಮಾತಾಡೂಣ್ರಿ,” ಅಂದರು. “ಮೊದಲ ಎಲ್ಲಾರೂ ಬಿಸಿ ನೀರಾಗ ಓಂಕಾಳು ತೊಗೊರ್ರಿ.”

ಬಂದೆ ಬಂದೆ

ಅಷ್ಟರಾಗ ಮುಧೋಳದಿಂದ ಕಾಕಾಗ ಹುಡುಗಿಯ ಫೋನ್ ಬಂತು. “ಅಪ್ಪಗೋಳು ಕಬ್ಬಿಣದ ಬಾಗಿಲಾ ಕೂಡಿಸ್ಯಾರ್ರಿ. ಹಳೇದು ಹಿತ್ತಲದಾಗ ಬಿದ್ದೈತಿ. ಬಡದು ಹೋದವರು ಬಂದು ಒಯ್ದ್ರ ಛಲೋ.”

ಕಾಕಾ ಟೆಂಪೋ ತೊಗೊಂಡು ಓಡಿದ. ಗೆದ್ದಲು ತಿಂದದ್ದನ್ನ ಕೊಯ್ದು ಒಗೆದ. ಉಳಿದದ್ದನ್ನ ಸಣ್ಣ ಹಲಗಿ ಮಾಡಿ, ಪೀಪಾಯಿಯಂಗ ದುಂಡಗ ಜೋಡಿಸಿದ. ಈ ಸಲ ಅಜ್ಜ ಬಗಲಾಗ ಕುಂತಿದ್ದ. ಕಾಕಾ ಒಂದಿಷ್ಟು ಹೆರೆಯುವುದು, ಅಜ್ಜ ಹೊಟ್ಟಿ ಹಚ್ಚುವುದು. “ಇನ್ನೂ ಹೆರಿ.” ಮತ್ತ ಹೊಟ್ಟಿ. “ಇನ್ನೊಂಚೂರು.” ಕಡೀಕ ಅಜ್ಜನ ಮಾರಿ ಅರಳಿತು: “ಸಾಕು! ಇನ್ನ ಮುಟ್ಟಬ್ಯಾಡ.”

ಲಗ್ನ ಹುಡುಗಿಯ ಮನಿ ಮುಂದಿನ ಹಂದರದಾಗ. ಮಾಸ್ತರು ನನ್ನ ಕೈಯಾಗ ಮೊದಲು ತಾಳ ಕೊಟ್ಟರು. “ಸೌಂಡ್ ಬರಲಿಲ್ಲಂದ್ರ ತಯಾರಿರಲಿ.” ತಾಳ ತೊಡಿ ಮ್ಯಾಲ ಇಟ್ಟುಕೊಂಡೇ ಸೆಟ್ಟಿನ ಮುಂದ ಕುಂತೆ. ಅಕ್ಕಿಕಾಳು ಬಿದ್ದವು. ಕಾಲಿಲೆ ಪೆಡಲ್ ಒತ್ತಿ ದೊಡ್ಡ ಡ್ರಮ್ ಒದ್ದೆ.

ದಬ್, ದಬ್!

ಕಟಗಿ, ತೊಗಲು ಎರಡೂ ಕೂಡಿ ಹಾಡಿದವು. ಮಾಸ್ತರ ಹುಬ್ಬು ಏರಿತು. ಆದರ ಅದರ ಹಿಂದೇ ಮನಿ ಒಳಗಿಂದ ಒಂದು ದನಿ ಬಂತು:

“ಬಂದೆ ಬಂದೆ, ತಡೀರಿ!”

ಕಬ್ಬಿಣದ ಬಾಗಿಲಾ ತೆರೆದು ಆಯಿ ಕೋಲೂರಿಕೊಂತ ಹೊರಗ ಬಂದಳು. ಆ ಕಡೆ ಈ ಕಡೆ ನೋಡಿದಳು. ಹೊಳ್ಳಿ ಹೋದಳು. ನಾನು ಮತ್ತ ಒದ್ದೆ. ದಬ್, ದಬ್. “ಬಂದೆ ಅಂದ್ನೆಲ್ಲಾ!” ಆಯಿ ಮತ್ತ ಹೊರಗ. ಹೊಸಾ ಬಾಗಿಲದ ಬೆಲ್ ಹೊಡೆದರ ತಿರುಗಿಯೂ ನೋಡದ ಮುದುಕಿ, ಹಳೇ ಬಾಗಿಲದ ದನಿಗೆ ಮಾತ್ರ ಏಳುತ್ತಿದ್ದಳು. ಹಂದರದ ಮಂದಿ ಹೊಟ್ಟಿ ಹಿಡಿದುಕೊಂಡು ನಗಾಕ ಹತ್ತಿತು. ಮದುಮಗಳಂತೂ ಬಾಸಿಂಗ ಜಾರುವಷ್ಟು ನಕ್ಕಳು.

ಮೂರನೇ ಸಲಕ್ಕ ಆಯಿ ದನಿ ಹಿಡಿದುಕೊಂಡು ಸೀದಾ ನನ್ನ ಮುಂದೇ ಬಂದು ನಿಂತಳು. ಡ್ರಮ್ಮಿನ ಮ್ಯಾಲ ಕೈ ಆಡಿಸಿದಳು. ಮೆಲ್ಲಕ ಕೇಳಿದಳು, “ಬಾಗಿಲಾ ಬಡದಾಂವ ನೀನೇನೋ?”

“ಹೂಂ ಆಯಿ.”

“ಏನ ಬೇಕಾಗಿತ್ತಪಾ?”

ನಾನು ಮಾಸ್ತರ ಕಡೆ ನೋಡಿದೆ. “ಒಂದ ಸೀಟು ಬೇಕಾಗಿತ್ತು, ಆಯಿ.”

“ಹಂಗಾರ ಒಳಗ ಬಾ, ಕುಂದ್ರು,” ಅಂದಳು ಆಯಿ. “ಹೊರಗ ನಿಂತು ಎಷ್ಟಂತ ಬಡೀತಿ?”

ಮಾಸ್ತರು ಬಂದು ನನ್ನ ತೊಡಿ ಮ್ಯಾಲಿನ ತಾಳ ಎತ್ತಿ ಆಯಿ ಕೈಯಾಗ ಕೊಟ್ಟರು.